ಏಪ್ರಿಲ್‌ನಲ್ಲಿ ದೋಣಿ ತೆರೆಯುವವರಿಗೆ

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಯಾವ ಬೋಟ್ ಯಾರ್ಡ್‌ಗೆ ಹೋದರೂ ಹಿಂದಿನ ಬೇಲಿಯ ಪಕ್ಕ ಒಂದು ಸಾಲು ಕಾಣಿಸುತ್ತದೆ. ಅಲ್ಲಿ ನಿಂತ ಹಾಯಿದೋಣಿಗಳ ಮೈಗೆ ಹಸಿರು ಪಾಚಿ ಹತ್ತಿರುತ್ತದೆ. ಟಾರ್ಪಾಲು ಹರಿದು ಚಿಂದಿಯಾಗಿರುತ್ತದೆ. ಎಲೆ ಕೊಳೆತು ಮಣ್ಣಾದ ಕಡೆ ಹುಲ್ಲು ಹುಟ್ಟಿರುತ್ತದೆ. ಕೆಲವಕ್ಕೆ ಯಾರ್ಡ್‌ನವರು ಪ್ಲಾಸ್ಟಿಕ್ ಕವರಿನೊಳಗೆ ಒಂದು ನೋಟಿಸ್ ಇಟ್ಟು ಅಂಟಿಸಿರುತ್ತಾರೆ. ಜಾಗದ ಬಾಡಿಗೆ ಬಾಕಿ ಇದೆ, ಇಂಥ ತಾರೀಖಿನೊಳಗೆ ಬಂದು ಒಯ್ಯದಿದ್ದರೆ 1977ರ ಕಾಯ್ದೆಯ ಪ್ರಕಾರ ಮಾರುತ್ತೇವೆ ಅಂತ. ಇಷ್ಟೇ ಆಗಿದ್ದರೆ ಯಾರೋ ಬೇಜವಾಬ್ದಾರಿ ಜನ ಅಂದುಕೊಂಡು ಮುಂದೆ ಹೋಗಬಹುದಿತ್ತು. ಆದರೆ ಹತ್ತಿರ ಹೋಗಿ ನೋಡಿದರೆ ಇವುಗಳಲ್ಲಿ ಹೆಚ್ಚಿನವನ್ನು ಸರಿಯಾಗಿಯೇ ಚಳಿಗಾಲಕ್ಕೆ ಕಟ್ಟಿಟ್ಟಿದ್ದಾರೆ. ಹಾಯಿಗಳನ್ನು ಬಿಚ್ಚಿ ಒಯ್ದಿದ್ದಾರೆ. ಕೂವೆಮರದ ಒಳಗಿಂದ ಹೋಗುವ ದಪ್ಪ ಹಗ್ಗಗಳನ್ನು ಎಳೆದು ತೆಗೆದು, ಅವುಗಳ ಜಾಗದಲ್ಲಿ ಒಂದೊಂದು ತೆಳು ದಾರ ಬಿಟ್ಟಿದ್ದಾರೆ. ಮುಂದಿನ ಏಪ್ರಿಲ್‌ನಲ್ಲಿ ಆ ದಾರಕ್ಕೆ ಹಗ್ಗದ ತುದಿ ಹೊಲಿದು ಎಳೆದರೆ ಹಗ್ಗ ಮತ್ತೆ ಒಳಗೆ ಹೋಗುತ್ತದೆ. ವಾಪಸ್ ಬಂದೇ ಬರುತ್ತೇನೆ ಅಂದುಕೊಂಡವರು ಮಾತ್ರ ಅಷ್ಟು ತಾಳ್ಮೆಯಿಂದ ಆ ದಾರ ಬಿಡುತ್ತಾರೆ. ಅವರು ಬರಲಿಲ್ಲ.

ಪ್ರತಿ ಅಕ್ಟೋಬರ್‌ನಲ್ಲಿ ನಮ್ಮ ದೋಣಿಯನ್ನು ಚಳಿಗಾಲಕ್ಕೆ ನೀರಿನಿಂದ ಮೇಲೆ ಹಾಕುವಾಗ ಆ ಸಾಲು ಕಣ್ಣಿಗೆ ಬೀಳುತ್ತದೆ. ಏನು ತಪ್ಪಿತು ಅಂತ ಪ್ರತಿಸಲವೂ ಯೋಚಿಸುತ್ತೇನೆ.

ನಾನು ಮಲ್ಪೆ ಕಡೆಯವನು. ಕೆಲಸ ಸೌತಾಂಪ್ಟನ್‌ಗೆ ತಂದಿತು. ಕಡಲು ಇಲ್ಲೂ ಇತ್ತು. ನಮ್ಮದು ವೆಸ್ಟರ್ಲಿ ಸೆಂಟಾರ್ ಅನ್ನುವ 26 ಅಡಿಯ ಹಾಯಿದೋಣಿ. 1969ರಿಂದ 1980ರವರೆಗೆ ಪೋರ್ಟ್ಸ್‌ಮತ್ ಹತ್ತಿರದ ವಾಟರ್‌ಲೂವಿಲ್‌ನಲ್ಲಿ ಇಂಥವನ್ನು ಎರಡು ಸಾವಿರಕ್ಕೂ ಹೆಚ್ಚು ಕಟ್ಟಿದರು. ಫೈಬರ್‌ಗ್ಲಾಸಿನ ಮೈ, ಹೊಟ್ಟೆಯ ಕೆಳಗೆ ಒಂದರ ಬದಲು ಎರಡು ಕೀಲ್, ಅಂದರೆ ದೋಣಿ ಮಗುಚದಂತೆ ತಡೆಯುವ ಭಾರದ ರೆಕ್ಕೆ. ಇಳಿತದಲ್ಲಿ ನೀರು ಬತ್ತಿದರೂ ಕೆಸರಿನ ಮೇಲೆ ವಾಲದೆ ನೆಟ್ಟಗೆ ನಿಲ್ಲುತ್ತದೆ. ಮಕ್ಕಳಿರುವ ಮನೆಗೆ ಹೇಳಿ ಮಾಡಿಸಿದ ದೋಣಿ. ಬೇಸಿಗೆಯಲ್ಲಿ ಹ್ಯಾಂಬಲ್ ನದಿಯಿಂದ ಹೊರಟು ಸೋಲೆಂಟ್ ಜಲಸಂಧಿಯಲ್ಲಿ ಯಾರ್ಮತ್, ನ್ಯೂಟೌನ್ ಕ್ರೀಕ್ ಅಂತ ಸುತ್ತುತ್ತೇವೆ. ಗಾಳಿ ಒಲಿದರೆ ನೀಡಲ್ಸ್ ಬಂಡೆ ದಾಟಿ ಪೂಲ್‌ವರೆಗೂ ಹೋಗುವುದುಂಟು. ಅಕ್ಟೋಬರ್ ಬಂತೆಂದರೆ ಸಂಜೆ ಐದೂವರೆ ಆರಕ್ಕೆಲ್ಲ ಕತ್ತಲು. ನೈಋತ್ಯದಿಂದ ಬಿರುಗಾಳಿ ಒಂದರ ಹಿಂದೆ ಒಂದು ಬರಲು ಶುರು. ಆಗ ದೋಣಿ ಮೇಲೆ ಹಾಕಬೇಕು.

ನೀರಿನಿಂದ ಮೇಲೆ ಬಂದಾಗ

ನಾಲ್ಕು ಚಕ್ರದ ದೊಡ್ಡ ಹಾಯ್ಸ್ಟ್ ಬಂದು, ಅಗಲದ ಎರಡು ಪಟ್ಟಿಗಳನ್ನು ಹೊಟ್ಟೆಯ ಕೆಳಗೆ ತೂರಿಸಿ, ದೋಣಿಯನ್ನು ನೀರಿನಿಂದ ಎತ್ತುತ್ತದೆ. ಆ ಹೊತ್ತು ನನಗೆ ತುಂಬಾ ಇಷ್ಟ. ಇಡೀ ಬೇಸಿಗೆ ನಾವು ಕೂತು ಎದ್ದು ಮಲಗಿದ ದೋಣಿಯ ಅರ್ಧ ಭಾಗವನ್ನು ಮೊದಲ ಸಲ ನೋಡುವುದು ಆವಾಗ. ಪ್ರೊಪೆಲ್ಲರ್ ಹಿಂದೆ ಪಾಚಿ ಜೋತಾಡುತ್ತಿರುತ್ತದೆ. ಕೀಲ್‌ಗಳ ಒಳಬದಿಯಲ್ಲಿ ಬ್ರಷ್ ಸರಿಯಾಗಿ ತಾಗದ ಕಡೆ ಚಿಪ್ಪಿನ ಸಣ್ಣ ಕಡಲ ಜೀವಿಗಳಾದ ಬಾರ್ನಕಲ್‌ಗಳು ಒತ್ತೊತ್ತಾಗಿ ಅಂಟಿರುತ್ತವೆ. ತಕ್ಷಣ ನೀರಿನ ಜೋರು ಪಿಚಕಾರಿ ಹಿಡಿಯಬೇಕು. ಒಣಗಿದರೆ ಆಮೇಲೆ ಉಳಿ ಹಿಡಿದು ಕೆರೆಯಬೇಕಾಗುತ್ತದೆ. ಚಿಪ್ಪು ಹೋದರೂ ಅದು ಅಂಟಿಕೊಂಡಿದ್ದ ಬಿಳಿ ಬಿಲ್ಲೆಯಂಥ ಗುರುತು ಉಳಿಯುತ್ತದೆ.

ಈ ಬಾರ್ನಕಲ್‌ಗಳನ್ನು ದೂರ ಇಡಲು ಹೊಟ್ಟೆಗೆ ಬಳಿಯುವ ಬಣ್ಣದ್ದೇ ಒಂದು ಕಥೆ. ಒಂದು ಕಾಲದಲ್ಲಿ ಆ ಬಣ್ಣದಲ್ಲಿ ಟಿಬಿಟಿ ಅನ್ನುವ ತವರದ ಸಂಯುಕ್ತ ಇರುತ್ತಿತ್ತು. ಕೆಲಸ ಚೆನ್ನಾಗಿಯೇ ಮಾಡುತ್ತಿತ್ತು. ಆದರೆ ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯಲ್ಲಿ ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪಗಾಗತೊಡಗಿತು, ಮರಿಗಳು ಉಳಿಯದಾದವು. ಇಲ್ಲಿ ಬಂಡೆಗಳ ಮೇಲಿನ ಶಂಖದ ಹುಳಗಳಲ್ಲಿ ಹೆಣ್ಣುಗಳಿಗೆ ಗಂಡಿನ ಅಂಗ ಬೆಳೆದು ಸಂತಾನವೇ ನಿಂತಿತು. ಫ್ರಾನ್ಸ್ 1982ರಲ್ಲಿ, ಬ್ರಿಟನ್ 1987ರಲ್ಲಿ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿದವು. ದೊಡ್ಡ ಹಡಗುಗಳಿಗೂ ಅನ್ವಯಿಸುವ ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬರುವಷ್ಟರಲ್ಲಿ 2008 ಆಯಿತು. ಈಗ ಬಳಸುವುದು ಹೆಚ್ಚಾಗಿ ತಾಮ್ರ ಇರುವ ಬಣ್ಣ. ಅದೂ ವಿಷವೇ. ಅದಕ್ಕೇ ದೋಣಿ ತೊಳೆದ ನೀರನ್ನು ನದಿಗೆ ಬಿಡದೆ ತೊಟ್ಟಿಯಲ್ಲಿ ಹಿಡಿದು ಸೋಸುವ ಯಾರ್ಡ್‌ಗಳಿಗೇ ಹೋಗಬೇಕು ಅನ್ನುವುದು ನನ್ನ ಹಟ. ಸ್ವಲ್ಪ ದುಡ್ಡು ಜಾಸ್ತಿ ಆಗುತ್ತದೆ, ಆಗಲಿ.

ತೊಳೆದಾದ ಮೇಲೆ ದೋಣಿಯನ್ನು ಮರದ ದಿಮ್ಮಿಗಳ ಮೇಲೆ ಇಳಿಸುತ್ತಾರೆ. ಆಮೇಲೆ ಒಂದು ಸುತ್ತು ಹಾಕಿ ಕೈಯಿಂದ ಮುಟ್ಟಿ ಮುಟ್ಟಿ ನೋಡುವುದು. ಪ್ರೊಪೆಲ್ಲರ್ ದಂಡಕ್ಕೆ ಕಟ್ಟಿದ ಸತುವಿನ ಗಟ್ಟಿ ಎಷ್ಟು ಸವೆದಿದೆ? ಉಪ್ಪುನೀರಿನಲ್ಲಿ ಬೇರೆ ಬೇರೆ ಲೋಹಗಳು ಒಟ್ಟಿಗಿದ್ದರೆ ಅವುಗಳಲ್ಲಿ ಒಂದು ಕರಗುತ್ತದೆ. ಪ್ರೊಪೆಲ್ಲರ್‌ನ ಕಂಚು ಕರಗುವ ಬದಲು ಸತುವು ಕರಗಲಿ ಅಂತ ಅದನ್ನು ಕಟ್ಟಿರುವುದು. ಅರ್ಧ ಸವೆದಿದ್ದರೆ ಬದಲಾಯಿಸಬೇಕು. ಸವೆಯದೇ ಹೊಳೆಯುತ್ತಿದ್ದರೆ ಇನ್ನೂ ಚಿಂತೆ, ಲೋಹದ ಜೊತೆ ಅದರ ಸಂಪರ್ಕ ತಪ್ಪಿದೆ ಅಂತ ಅರ್ಥ. ಫೈಬರ್‌ಗ್ಲಾಸಿನ ಮೇಲೆ ಸಣ್ಣ ಗುಳ್ಳೆ ಇವೆಯೇ? ಒಂದನ್ನು ಚುಚ್ಚಿದರೆ ವಿನೆಗರ್ ವಾಸನೆಯ ದ್ರವ ಬಂದರೆ ನೀರು ಪದರದೊಳಗೆ ಹೊಕ್ಕಿದೆ. ಕೀಲ್ ಮೈಗೆ ಸೇರುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಇದೆಯೇ? ಸೆಂಟಾರ್ ಇಟ್ಟುಕೊಂಡವರೆಲ್ಲ ಮೊದಲು ಬಗ್ಗಿ ನೋಡುವುದು ಅಲ್ಲೇ.

ಚಳಿಗೆ ಔಷಧಿ, ಏಪ್ರಿಲ್‌ಗೆ ಅಪಾಯ

ಒಳಗಿನ ಕೆಲಸ ಮುಗಿಯುವುದೇ ಇಲ್ಲ. ಶತ್ರುಗಳು ಎರಡು, ತೇವ ಮತ್ತು ಹಿಮ. ನೀರು ಹೆಪ್ಪುಗಟ್ಟಿದರೆ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ. ಎಂಜಿನ್ನಿನ ಎರಕದ ಕಬ್ಬಿಣದೊಳಗೆ ಒಂದು ಲೋಟ ನೀರು ಉಳಿದರೂ ಸಾಕು, ಒಂದು ಜನವರಿ ರಾತ್ರಿಯಲ್ಲಿ ಅದು ಸೀಳಬಹುದು. ನಮ್ಮ ಎಂಜಿನ್ನು ಕಡಲ ನೀರನ್ನೇ ಎಳೆದುಕೊಂಡು ತಣ್ಣಗಾಗುವ ಜಾತಿಯದು. ಹಾಗಾಗಿ ಮೊದಲು ಸಿಹಿನೀರು ಹರಿಸಿ ಉಪ್ಪು ತೊಳೆದು, ಆಮೇಲೆ ಆಂಟಿಫ್ರೀಜ್ ಬೆರೆಸಿದ ನೀರು ಕುಡಿಸಿ, ಎಕ್ಸಾಸ್ಟ್‌ನಿಂದ ಬಣ್ಣದ ನೀರು ಬರುವವರೆಗೂ ಓಡಿಸಿ ನಿಲ್ಲಿಸುತ್ತೇವೆ. ಎಂಜಿನ್ ಆಯಿಲ್ ಬದಲಾಯಿಸುವುದು ವಸಂತದಲ್ಲಲ್ಲ, ಈಗಲೇ, ಅದೂ ಬಿಸಿ ಇರುವಾಗಲೇ. ಹಳೆ ಆಯಿಲ್‌ನಲ್ಲಿ ಆಮ್ಲ ಸೇರಿರುತ್ತದೆ. ಆರು ತಿಂಗಳು ಸುಮ್ನೆ ನಿಂತರೆ ಅದು ಬೇರಿಂಗ್‌ಗಳನ್ನು ತಿನ್ನುತ್ತದೆ. ಡೀಸೆಲ್ ಟ್ಯಾಂಕ್ ಮೇಲಿನವರೆಗೆ ತುಂಬಿಸಬೇಕು. ಖಾಲಿ ಜಾಗವಿದ್ದರೆ ಅದರ ಗೋಡೆಗೆ ಹನಿ ಕಟ್ಟಿ ನೀರು ಕೆಳಗಿಳಿಯುತ್ತದೆ. ನೀರೂ ಡೀಸೆಲ್ಲೂ ಸೇರುವ ಗೆರೆಯಲ್ಲಿ ಬೂಷ್ಟು ಬೆಳೆದು ಕಪ್ಪು ಲೋಳೆಯಾಗುತ್ತದೆ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು. ತುಂಬಿದ ಬ್ಯಾಟರಿ ಇಲ್ಲಿನ ಚಳಿಗೆ ಹೆಪ್ಪುಗಟ್ಟುವುದಿಲ್ಲ, ಖಾಲಿಯಾದದ್ದು ಹೆಪ್ಪುಗಟ್ಟಿ ಒಡೆಯುತ್ತದೆ. ಹಾಯಿಗಳನ್ನು ಸಿಹಿನೀರಲ್ಲಿ ನೆನೆಸಿ ಒಣಗಿಸಬೇಕು. ಉಪ್ಪು ಉಳಿದರೆ ಅದು ಗಾಳಿಯ ತೇವ ಎಳೆಯುತ್ತಲೇ ಇರುತ್ತದೆ. ಮಡಚುವ ಮೊದಲು ಹೊಲಿಗೆಯ ಮೇಲೆ ಹೆಬ್ಬೆರಳ ಉಗುರು ಎಳೆದು ನೋಡುತ್ತೇವೆ. ಬಿಸಿಲಿಗೆ ಮೊದಲು ಸಾಯುವುದು ಬಟ್ಟೆಯಲ್ಲ, ದಾರ. ಉಗುರಿಗೇ ದಾರ ಕಿತ್ತು ಬಂದರೆ ಹಾಯಿ ಹೊಲಿಯುವವರ ಹತ್ತಿರ ಕಳಿಸಬೇಕು.

ಇಷ್ಟನ್ನು ಯಾರು ಬೇಕಾದರೂ ಕಲಿಯಬಹುದು. ನನಗೆ ಅರ್ಥವಾಗಲು ಸಮಯ ಹಿಡಿದದ್ದು ಬೇರೆ ಒಂದು ವಿಷಯ. ಚಳಿಗಾಲದಲ್ಲಿ ದೋಣಿಯನ್ನು ಕಾಯುವ ಒಂದೊಂದು ಕೆಲಸವೂ ವಸಂತದಲ್ಲಿ ಅದೇ ದೋಣಿಗೆ ಅಪಾಯವಾಗಿ ಕೂತಿರುತ್ತದೆ. ನೋಡಿ, ನೀರೆಳೆಯುವ ಪಂಪಿನೊಳಗೆ ರಬ್ಬರಿನ ಒಂದು ಸಣ್ಣ ಚಕ್ರ ಇರುತ್ತದೆ, ಇಂಪೆಲ್ಲರ್ ಅಂತ. ಹಾಗೇ ಬಿಟ್ಟರೆ ಅದರ ರೆಕ್ಕೆಗಳು ಬಾಗಿದಲ್ಲೇ ಸೆಟೆದುಕೊಳ್ಳುತ್ತವೆ, ಹಾಗಾಗಿ ಬಿಚ್ಚಿ ತೆಗೆಯುತ್ತೇವೆ. ಅದು ಇಲ್ಲ ಅಂತ ಮರೆತು ಎಂಜಿನ್ ಶುರು ಮಾಡಿದರೆ ತಣ್ಣೀರಿಲ್ಲದೆ ಎಂಜಿನ್ ಸುಡುತ್ತದೆ. ಎಕ್ಸಾಸ್ಟ್ ಪೈಪಿಗೆ ತೇವ ಹೋಗದಂತೆ ಎಣ್ಣೆ ಬಟ್ಟೆ ತುರುಕುತ್ತೇವೆ. ಅದನ್ನು ಯಾರಾದರೂ ತೆಗೆಯಬೇಕು. ವೇಗ ಅಳೆಯುವ ಸಾಧನವನ್ನು ತಳದಿಂದ ಕಿತ್ತು ಮನೆಗೆ ಒಯ್ಯುತ್ತೇವೆ. ಅಲ್ಲಿ ನೇರ ಹೊರಗಿನ ಬೆಳಕು ಕಾಣುವ ಒಂದು ತೂತು ಉಳಿಯುತ್ತದೆ. ತಳದ ನಲ್ಲಿಗಳು, ಸೀಕಾಕ್ ಅನ್ನುತ್ತಾರೆ, ನೀರಿಗೆ ಇಳಿಸುವಾಗ ಮುಚ್ಚಿರಬೇಕು. ನೆಲದ ಮೇಲೆ ನಿಂತಾಗ ತೆರೆದಿರಬೇಕು, ಒಳಗೆ ನೀರು ಸಿಕ್ಕಿ ಹೆಪ್ಪುಗಟ್ಟಬಾರದು ಅಂತ. ಅಂದರೆ ಚೆನ್ನಾಗಿ ಕಟ್ಟಿಟ್ಟ ದೋಣಿ ಅಂದರೆ ತಳದಲ್ಲಿ ನಾಲ್ಕಾರು ಬಾಯಿ ತೆರೆದುಕೊಂಡು ನಿಂತ ದೋಣಿ. ಅದನ್ನು ಹಾಗೇ ನೀರಿಗೆ ಇಳಿಸಿದರೆ ಮುಳುಗುತ್ತದೆ. ಯಾರ್ಡ್‌ನವರು ಏಪ್ರಿಲ್‌ನಲ್ಲಿ ದೋಣಿಯನ್ನು ನೀರಿಗೆ ಇಳಿಸಿದ ಮೇಲೂ ಪಟ್ಟಿ ಸಡಿಲಿಸದೆ, ಒಳಗೆ ಹೋಗಿ ನೋಡಿ ಬನ್ನಿ ಅಂತ ಕಾಯುವುದು ಇದಕ್ಕೇ.

ಕೆಲಸ ಮಾಡಿದವನ ತಲೆಯಲ್ಲಿ ಇದೆಲ್ಲ ಇರುತ್ತದೆ, ಅಲ್ವಾ? ಅಕ್ಟೋಬರ್‌ನಲ್ಲಿ ಇರುತ್ತದೆ. ಅವನೇ ಏಪ್ರಿಲ್‌ನಲ್ಲಿ ಬಂದರೂ ಅಷ್ಟೂ ನೆನಪಿರುತ್ತದೆ ಅನ್ನಲಾಗದು. ಅವನು ಬರದೇ ಹೋದರೆ?

ಪೆನ್ಸಿಲ್ಲಿನ ಚೀಟಿಗಳು

ನಮ್ಮ ಪಕ್ಕದಲ್ಲಿ ಹಲವು ವರ್ಷ ಒಂದು ಮರದ ಹಾಯಿದೋಣಿ ನಿಲ್ಲುತ್ತಿತ್ತು. ಅದರ ಯಜಮಾನರು ಎಂಬತ್ತರ ಆಸುಪಾಸಿನವರು, ರಿಟೈರ್ಡ್ ಮೇಷ್ಟ್ರು. ಹೆಸರು ಬೇಡ, ಅವರಿಗೆ ಇಷ್ಟವಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಸ್ಪ್ಯಾನರ್ ಬೇಕಾಗಿ ಅವರ ಏಣಿ ಹತ್ತಿದೆ. ಅವರು ಎಂಜಿನ್ ಪಕ್ಕದಲ್ಲಿ ಮೊಣಕಾಲೂರಿ ಕೂತು ಕಂದು ಬಣ್ಣದ ದಪ್ಪ ಕಾಗದದ ಚೀಟಿ ಕಟ್ಟುತ್ತಿದ್ದರು. ಹಿಂದೆ ಟ್ರಂಕಿಗೆ ಕಟ್ಟುತ್ತಿದ್ದರಲ್ಲ, ದಾರ ಪೋಣಿಸಿದ ಚೀಟಿ, ಅಂಥದ್ದು. ಸ್ಟಾರ್ಟ್ ಕೀಲಿಗೆ ಒಂದು: "ಇಂಪೆಲ್ಲರ್ ಇಲ್ಲ. ನಕಾಶೆ ಇಡುವ ಡ್ರಾಯರಿನಲ್ಲಿದೆ. ಹಾಕದೆ ತಿರುಗಿಸಬೇಡಿ." ಪ್ರತಿ ಸೀಕಾಕ್‌ಗೆ ಒಂದೊಂದು: "ತೆರೆದಿದೆ." ಇಂಧನದ ನಲ್ಲಿಗೆ: "ಮುಚ್ಚಿದೆ." ಎಲ್ಲ ಪೆನ್ಸಿಲ್ಲಿನಲ್ಲಿ, ದುಂಡು ಅಕ್ಷರದಲ್ಲಿ. ಪೆನ್ನು ಕೊಡಲೇ ಅಂದೆ. ಬೇಡ, ಶಾಯಿ ಚಳಿಗಾಲದ ತೇವಕ್ಕೆ ಹರಡುತ್ತೆ, ಪೆನ್ಸಿಲ್ ಹೋಗಲ್ಲ ಅಂದರು. ಈ ದೋಣಿ ಇವರ ಹತ್ತಿರ ಅಷ್ಟು ದಶಕದಿಂದ ಇದೆ, ಕಣ್ಣು ಮುಚ್ಚಿ ಕೈ ಹಾಕಿದರೂ ಎಲ್ಲಿ ಏನಿದೆ ಅಂತ ಗೊತ್ತಿರಬೇಕು. ಹಾಗೆ ಕೇಳಿದೆ ಕೂಡ. ಅವರು ಚೀಟಿಯ ಗಂಟು ಬಿಗಿ ಮಾಡುತ್ತಲೇ ಹೇಳಿದರು: "ಏಪ್ರಿಲ್‌ನಲ್ಲಿ ಈ ದೋಣಿಗೆ ಬರುವವನು ಹೊಸಬ. ಅವನು ನಾನೇ ಆಗಿದ್ದರೂ ಹೊಸಬನೇ."

ಅವರ ಹತ್ತಿರ ಒಂದು ನೋಟ್‌ಬುಕ್ಕೂ ಇತ್ತು. ಎಡಗಡೆ ಪುಟದಲ್ಲಿ ಅಕ್ಟೋಬರ್‌ನಲ್ಲಿ ಮಾಡಿದ ಕೆಲಸ. ಅದರ ಎದುರಿಗೆ ಬಲಗಡೆ ಪುಟದಲ್ಲಿ, ಅದೇ ಸಾಲಿನಲ್ಲಿ, ಏಪ್ರಿಲ್‌ನಲ್ಲಿ ಅದನ್ನು ಹೇಗೆ ವಾಪಸ್ ಮಾಡಬೇಕು ಅನ್ನುವುದು. ಬಟ್ಟೆ ತುರುಕಿದೆ, ಬಟ್ಟೆ ತೆಗೆ. ಪೈಪ್ ಬಿಚ್ಚಿದೆ, ಎರಡು ಕ್ಲಿಪ್ ಹಾಕಿ ಬಿಗಿ ಮಾಡು. ಎಡಗಡೆ ಒಂದು ಸಾಲು ಇದ್ದು ಬಲಗಡೆ ಖಾಲಿ ಇರುವಂತಿಲ್ಲ. ನಾನು ನೋಡಿದ ಲೆಕ್ಕದ ಪುಸ್ತಕಗಳಲ್ಲೆಲ್ಲ ಅಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ.

ಆ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮಾರ್ಚ್‌ನಲ್ಲಿ ಮಗಳು ಬಂದರು. ಐವತ್ತರ ಹೆಂಗಸು, ಚಿಕ್ಕಂದಿನಲ್ಲಿ ಅಪ್ಪನ ಜೊತೆ ಹೋಗುತ್ತಿದ್ದರಂತೆ, ಆಮೇಲೆ ಬಿಟ್ಟುಹೋಗಿತ್ತು. ದೋಣಿ ಮಾರಬೇಕು, ಆದರೆ ನೀರಿಗಿಳಿಸದೆ, ಅದು ತೇಲುವುದನ್ನು ನೋಡದೆ ಮಾರಲು ಮನಸ್ಸಿಲ್ಲ ಅಂದರು. ನಾನು ಸಹಾಯಕ್ಕೆ ಅಂತ ಹೋದೆ. ನಿಜ ಹೇಳಬೇಕೆಂದರೆ ನನ್ನಿಂದ ಆಗಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಅವರು ನೋಟ್‌ಬುಕ್ಕಿನ ಬಲಗಡೆ ಪುಟವನ್ನು ಜೋರಾಗಿ ಓದುವುದು, ಹೋಗಿ ಆ ಕೆಲಸ ಮಾಡುವುದು, ಚೀಟಿ ಬಿಚ್ಚಿ ಜೇಬಿಗೆ ಹಾಕಿಕೊಳ್ಳುವುದು. ಇಂಪೆಲ್ಲರ್ ಡ್ರಾಯರಿನಲ್ಲಿ ಸಿಕ್ಕಿತು, ಗ್ರೀಸ್ ಹಚ್ಚಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದರು. ಜೊತೆಗೆ ಅದರ ಮುಚ್ಚಳದ ಸ್ಕ್ರೂಗಳು ಒಂದು ಮಾತ್ರೆ ಡಬ್ಬಿಯಲ್ಲಿ.

ಮರದ ದೋಣಿಗೆ ಒಂದು ಗುಣ ಇದೆ. ತಿಂಗಳುಗಟ್ಟಲೆ ನೆಲದ ಮೇಲಿದ್ದರೆ ಹಲಗೆ ಒಣಗಿ ಕುಗ್ಗುತ್ತದೆ, ಸಂದು ಬಿಡುತ್ತದೆ. ನೀರಿಗಿಳಿಸಿದಾಗ ಸಂದಿಯಿಂದ ನೀರು ಬರುತ್ತದೆ. ಹಲಗೆ ನೀರು ಕುಡಿದು ಉಬ್ಬಿದ ಮೇಲೆ ಸಂದು ತಾನಾಗಿ ಮುಚ್ಚಿಕೊಳ್ಳುತ್ತದೆ. ಫೈಬರ್ ದೋಣಿಯವರಿಗೆ ಇದು ನೋಡಲಾಗದ ದೃಶ್ಯ. ಹಾಯ್ಸ್ಟ್ ದೋಣಿಯನ್ನು ನೀರಿಗೆ ತಾಗಿಸಿದ ಸ್ವಲ್ಪ ಹೊತ್ತಿಗೆ ಒಳಗೆ ಅಲ್ಲಲ್ಲಿ ಸಣ್ಣ ಧಾರೆ ಶುರುವಾಯಿತು. ತಳದಲ್ಲಿ ನೀರು ಏರತೊಡಗಿತು. ಹಾಯ್ಸ್ಟ್ ನಡೆಸುವ ಹುಡುಗ ಮತ್ತೆ ಎತ್ತಲೇ ಅಂತ ಕೂಗಿದ. ಮಗಳ ಮುಖ ಬಿಳಿಚಿಕೊಂಡಿತ್ತು. ನೋಟ್‌ಬುಕ್ ತಿರುಗಿಸಿದರು. ಆ ಸಾಲಿನಲ್ಲಿ ಅವರಪ್ಪ ಬರೆದಿದ್ದರು: "ಮೊದಲ ಎರಡು ದಿನ ನೀರು ಬರುತ್ತದೆ. ಗಾಬರಿ ಬೇಡ. ಪಂಪ್ ಓಡುತ್ತಿರಲಿ, ಪಟ್ಟಿ ಬಿಚ್ಚಬೇಡಿ. ಮೂರನೇ ದಿನಕ್ಕೂ ನಿಲ್ಲದಿದ್ದರೆ ಮಾತ್ರ ಎತ್ತಿ." ಅವರು ಅದನ್ನು ಆ ಹುಡುಗನಿಗೆ ಓದಿ ಹೇಳಿದರು. ಅವನು ತಲೆಯಾಡಿಸಿ, ಪಟ್ಟಿ ಹಾಗೇ ಬಿಟ್ಟು ಚಹಾ ಕುಡಿಯಲು ಹೋದ. ಅವರು ದೋಣಿಯಲ್ಲೇ ಮಲಗಿ ರಾತ್ರಿಯಿಡೀ ಎದ್ದೆದ್ದು ನೋಡಿದರಂತೆ. ಅಪ್ಪ ಹೇಳಿದ ಲೆಕ್ಕಕ್ಕೇ ನೀರು ನಿಂತಿತು. ಜೂನ್‌ನಲ್ಲಿ ಒಂದು ಎಳೆಯ ಜೋಡಿ ದೋಣಿ ಕೊಂಡು ಪೂಲ್‌ಗೆ ಒಯ್ದರು. ನೋಟ್‌ಬುಕ್ಕನ್ನೂ ಕೊಟ್ಟು ಕಳಿಸಿದ್ದಾಗಿ ಮಗಳು ಹೇಳಿದರು.

ಮಲ್ಪೆಯಲ್ಲಿ ಯಾರೂ ಬರೆಯುವುದಿಲ್ಲ

ಅಕ್ಟೋಬರ್‌ನಲ್ಲಿ ನಾನು ದೋಣಿ ಮೇಲೆ ಹಾಕಿದ್ದೇನೆ ಅಂತ ಫೋನಿನಲ್ಲಿ ಹೇಳಿದರೆ ನಮ್ಮ ದೊಡ್ಡಪ್ಪನ ಮಗನಿಗೆ ಆಶ್ಚರ್ಯ. "ಎಂತ ಮಾರಾಯ, ಕಡಲು ಶಾಂತ ಇರುವಾಗ ಮೇಲೆ ಹಾಕುವುದಾ?" ಅಲ್ಲಿ ಅದು ಭರ್ತಿ ಸೀಸನ್. ಅವರ ದೋಣಿ ನಿಲ್ಲುವುದು ಮಳೆಗಾಲಕ್ಕೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬಂದರಿನ ಧಕ್ಕೆಯಲ್ಲಿ ಬೋಟ್‌ಗಳು ಒಂದಕ್ಕೊಂದು ತಾಗಿ ಸಾಲುಸಾಲಾಗಿ ನಿಂತಿರುತ್ತವೆ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳು ಇನ್ನೂ ಮುಂಚೆ, ಮೇ ಮಧ್ಯದಲ್ಲೇ ನಿಲ್ಲುತ್ತವೆ, ಮತ್ತೆ ಹೊರಡುವುದು ಸೆಪ್ಟೆಂಬರ್ ಮಧ್ಯಕ್ಕೆ. ನೂಲ ಹುಣ್ಣಿಮೆಗೆ ಮೊಗವೀರರು ಕಡಲಿಗೆ ಹಾಲು, ಹೂ, ತೆಂಗಿನಕಾಯಿ ಅರ್ಪಿಸಿ ಪೂಜೆ ಮಾಡುತ್ತಾರೆ.

ಅಲ್ಲೂ ಇದೇ ಕೆಲಸಗಳು. ಎಂಜಿನ್ ಬಿಚ್ಚುವುದು, ತಳ ಕೆರೆದು ಬಣ್ಣ ಬಳಿಯುವುದು, ಬಲೆಯನ್ನು ಹೊರಗೆಳೆದು ಕಣ್ಣು ಕಣ್ಣು ನೋಡಿ ಕಟ್ಟುವುದು. ಆದರೆ ಯಾರೂ ಚೀಟಿ ಕಟ್ಟುವುದನ್ನು ನಾನು ನೋಡಿಲ್ಲ. ಯಾಕೆ ಅಂತ ತುಂಬಾ ಯೋಚಿಸಿದೆ. ಅಲ್ಲಿ ಬೇಕಾಗುವುದಿಲ್ಲ. ಆಳಸಮುದ್ರದ ಒಂದು ಟ್ರಾಲ್ ಬೋಟ್‌ನಲ್ಲಿ ಬೋಟ್ ನಡೆಸುವ ತಾಂಡೇಲ ಒಬ್ಬ, ಜೊತೆಗೆ ಕೆಲಸ ಮಾಡುವ ಕಲಾಸಿಗಳು, ಒಟ್ಟು ಏಳೆಂಟು ಜನ ಇರುತ್ತಾರೆ. ಮೀನಿನ ಹಿಂಡಿನ ಸುತ್ತ ದೊಡ್ಡ ಬಲೆ ಬಿಡುವ ಪರ್ಸೀನ್ ಬೋಟ್ ಆದರೆ ಮೂವತ್ತರ ಹತ್ತಿರ. ಆ ಬೋಟ್‌ನ ಪೈಪು ಎಲ್ಲಿದೆ, ಯಾವ ನಲ್ಲಿ ಬಿಗಿ, ಯಾವ ಬೋಲ್ಟು ಉಲ್ಟಾ ತಿರುಗುತ್ತದೆ ಅನ್ನುವುದು ಅಷ್ಟೂ ಜನರ ಕೈಯಲ್ಲಿದೆ. ಜೊತೆಗೆ ಎಂಜಿನ್ ಮೆಕ್ಯಾನಿಕ್, ಬಲೆ ಕಟ್ಟುವವರು, ಐಸ್ ತುಂಬುವವರು. ತಾಂಡೇಲನಿಗೆ ಹುಷಾರಿಲ್ಲದಿದ್ದರೆ ಇನ್ನೊಬ್ಬ ಹೋಗುತ್ತಾನೆ. ಮುಖ್ಯವಾಗಿ, ಬೋಟ್ ಹೋಗದಿದ್ದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಹಾಗಾಗಿ ಆಗಸ್ಟ್‌ನಲ್ಲಿ ಯಾರಾದರೂ ಬಂದು ಅದನ್ನು ತೆರೆದೇ ತೆರೆಯುತ್ತಾರೆ.

ಇಂಗ್ಲೆಂಡಿನ ಹಾಯಿದೋಣಿಗಳೂ ಒಂದು ಕಾಲದಲ್ಲಿ ಹಾಗೇ ಇದ್ದವು. ಮೊದಲ ಮಹಾಯುದ್ಧಕ್ಕೆ ಮುಂಚೆ ಶ್ರೀಮಂತರ ದೊಡ್ಡ ಯಾಟ್‌ಗಳನ್ನು ನಡೆಸುತ್ತಿದ್ದವರು ಎಸೆಕ್ಸ್‌ನ ವಿವನ್‌ಹೋ, ಟೋಲ್ಸ್‌ಬರಿ, ಬ್ರೈಟ್ಲಿಂಗ್‌ಸೀಯಂಥ ಊರುಗಳ ಮೀನುಗಾರರು. ಬೇಸಿಗೆಯಲ್ಲಿ ಯಾಟ್‌ನ ಮೇಲೆ ಸಂಬಳಕ್ಕೆ, ಚಳಿಗಾಲದಲ್ಲಿ ಊರಿನಲ್ಲಿ ಸಿಂಪಿ ಮತ್ತು ಸ್ಪ್ರಾಟ್ ಮೀನು. ಯಾಟ್‌ಗಳನ್ನು ತಂದು ಹೊಳೆಯ ಕೆಸರಿನಲ್ಲಿ ನಿಲ್ಲಿಸಿ, ಹಾಯಿ ಹಗ್ಗಗಳನ್ನೆಲ್ಲ ಮರದ ಉಗ್ರಾಣಗಳಲ್ಲಿ ಇಡುತ್ತಿದ್ದರು. ಟೋಲ್ಸ್‌ಬರಿಯಲ್ಲಿ ಜೌಗಿನ ಮೇಲೆ ಕಂಬ ನೆಟ್ಟು ಕಟ್ಟಿದ ಆ ಉಗ್ರಾಣಗಳು ಇವತ್ತಿಗೂ ನಿಂತಿವೆ. ನಾನೂ ಮನೆಯವಳೂ ಹೋಗಿ ನೋಡಿ ಬಂದೆವು. ಹಲಗೆ ಗೋಡೆ ಮುಟ್ಟಿ ನಿಂತಾಗ ನನಗೆ ಮಲ್ಪೆಯೇ ನೆನಪಾಯಿತು. ಅಲ್ಲಿ ಒಂದು ದೋಣಿಯ ವಿಷಯ ಒಂದು ಊರಿಗೇ ಗೊತ್ತಿತ್ತು. ನಮ್ಮ ಯಾರ್ಡ್‌ನಲ್ಲಿ ಒಂದು ದೋಣಿಯ ವಿಷಯ ಗೊತ್ತಿರುವುದು ಒಬ್ಬರಿಗೆ. ಅವರ ಮೊಣಕಾಲು ನೋವು, ಕೆಲಸ ಹೋದದ್ದು, ಮನೆ ಮುರಿದದ್ದು, ಸಾವು, ಯಾವುದೇ ಒಂದು ಬಂದರೂ ದೋಣಿ ಬೇಲಿಯ ಪಕ್ಕಕ್ಕೆ ಹೋಗುತ್ತದೆ. ಮನೆಯವರಿಗೆ ಅದನ್ನು ತೆರೆಯುವುದಕ್ಕೇ ಹೆದರಿಕೆ. ಎಲ್ಲಿಂದ ಶುರು ಮಾಡಬೇಕು ಗೊತ್ತಿಲ್ಲ. ಈ ವರ್ಷ ಬೇಡ ಅಂತಾರೆ. ಆ ಮಾತು ಮೂರು ಸಲ ಹೇಳಿದರೆ ಮುಗಿಯಿತು.

ಕೊಳೆಯದ ದೋಣಿಗಳು

ಹಳೇ ಮರದ ದೋಣಿಯಾದರೆ ಕೊನೆಗೆ ಮಣ್ಣಾದರೂ ಆಗುತ್ತಿತ್ತು. ಫೈಬರ್‌ಗ್ಲಾಸ್ ಕೊಳೆಯುವುದಿಲ್ಲ. ಅದು ಗಾಜಿನ ನೂಲು ಮತ್ತು ರಾಳ ಸೇರಿ ಗಟ್ಟಿಯಾದದ್ದು, ಬೇರ್ಪಡಿಸುವುದು ಕಷ್ಟ. ಕತ್ತರಿಸಿ ಸಾಗಿಸುವ ಖರ್ಚು ದೋಣಿಯ ಬೆಲೆಗಿಂತ ಜಾಸ್ತಿ. ಫ್ರಾನ್ಸ್‌ನಲ್ಲಿ 2019ರಿಂದ ದೋಣಿ ತಯಾರಿಸುವವರೇ ದುಡ್ಡು ಹಾಕಿ ನಡೆಸುವ ಅಪೇರ್ ಅನ್ನುವ ವ್ಯವಸ್ಥೆ ಇದೆ, ಹಳೆ ದೋಣಿಯನ್ನು ಅಲ್ಲಿಗೆ ತಲುಪಿಸಿದರೆ ಉಚಿತವಾಗಿ ಒಡೆಯುತ್ತಾರೆ. ಬ್ರಿಟನ್‌ನಲ್ಲೂ ಅಂಥದ್ದು ಬೇಕೇ ಬೇಕು. ಎಪ್ಪತ್ತರ ದಶಕದಲ್ಲಿ ಸಾವಿರಗಟ್ಟಲೆ ಕಟ್ಟಿದ ದೋಣಿಗಳೆಲ್ಲ ಈಗ ಐವತ್ತು ದಾಟುತ್ತಿವೆ, ಅವುಗಳ ಯಜಮಾನರು ಎಂಬತ್ತು.

ದೋಣಿಯ ಕೊನೆ ಅಂದಾಗ ಇಲ್ಲಿನವರು ಬ್ರಿಟಾನಿಯಾ ಕಥೆ ಹೇಳುತ್ತಾರೆ. 1893ರಲ್ಲಿ ಕಟ್ಟಿದ ರಾಜಮನೆತನದ ರೇಸಿಂಗ್ ಯಾಟ್ ಅದು. ದೊರೆ ಐದನೇ ಜಾರ್ಜ್‌ಗೆ ಅದರ ಮೇಲೆ ಪ್ರಾಣ. 1936ರ ಜನವರಿಯಲ್ಲಿ ಅವರು ಸತ್ತ ಮೇಲೆ, ಅವರ ಆಸೆಯಂತೆ ಅದರ ಸಾಮಾನು ಬಿಚ್ಚಿ, ಜುಲೈನಲ್ಲಿ ವೈಟ್ ದ್ವೀಪದ ದಕ್ಷಿಣಕ್ಕೆ ಒಯ್ದು ಮುಳುಗಿಸಿದರು. ಕೇಳಿದವರ ಕಣ್ಣು ತೇವವಾಗುತ್ತದೆ. ನನಗೆ ಮಾತ್ರ ಅದು ಒಪ್ಪಿಗೆಯಾಗುವುದಿಲ್ಲ. ಚೆನ್ನಾಗಿ ಓಡುವ ದೋಣಿಯನ್ನು ಯಜಮಾನನ ಜೊತೆ ಕಳಿಸುವುದು ಯಾವ ಪ್ರೀತಿ? ಅದನ್ನು ನಡೆಸಬಲ್ಲ ಕೈಗಳು ಆ ದಡದ ಊರುಗಳಲ್ಲಿ ಬೇಕಾದಷ್ಟಿದ್ದವು. ಮೇಷ್ಟ್ರು ಮಾತ್ರೆ ಡಬ್ಬಿಯಲ್ಲಿ ಸ್ಕ್ರೂ ಇಟ್ಟು ಹೋದದ್ದು ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ನಮ್ಮ ನೋಟ್‌ಬುಕ್

ಈಗ ನಮ್ಮ ದೋಣಿಯಲ್ಲೂ ಎಡ ಪುಟ, ಬಲ ಪುಟದ ಒಂದು ನೋಟ್‌ಬುಕ್ ಇದೆ. ಇಂಗ್ಲಿಷಿನಲ್ಲಿ ಬರೆಯುತ್ತೇನೆ, ಯಾಕೆಂದರೆ ಅದನ್ನು ತೆರೆಯುವವರು ಯಾರೋ ಗೊತ್ತಿಲ್ಲ. ಕೆಲವು ಕಡೆ ನಡುವೆ ಕನ್ನಡ ನುಸುಳಿದೆ, ಅದನ್ನೆಲ್ಲ ಮತ್ತೆ ತಿದ್ದಬೇಕು. ಬರೆಯಲು ಕೂತಾಗ ಗೊತ್ತಾಗುವುದು, ನಾವು ಎಷ್ಟು ವಿಷಯವನ್ನು ಗೊತ್ತಿದೆ ಅಂತ ಬಿಟ್ಟುಬಿಡುತ್ತೇವೆ. "ಸಿಂಕ್ ಕೆಳಗಿನ ನಲ್ಲಿ" ಅಂದರೆ ನನಗೆ ಸಾಕು. ಹೊಸಬರಿಗೆ ಸಾಲದು. ಕೈ ಎಷ್ಟು ಒಳಗೆ ಹಾಕಬೇಕು, ಹಿಡಿ ಯಾವ ಕಡೆ ತಿರುಗಿದರೆ ಮುಚ್ಚಿದಂತೆ, ಬಿಗಿಯಾದರೆ ಏನು ಮಾಡಬೇಕು, ಇಷ್ಟೂ ಬೇಕು. ಸೆಂಟಾರ್ ಮತ್ತು ಅದರ ಎಂಜಿನ್ ಬಗ್ಗೆ ಪುಸ್ತಕಗಳಲ್ಲಿ ಸಿಗುವುದನ್ನು ಬರೆಯುವುದಿಲ್ಲ. ನಮ್ಮ ಈ ಒಂದು ದೋಣಿಗೆ ಮಾತ್ರ ಸೇರಿದ್ದನ್ನು ಬರೆಯುತ್ತೇನೆ. ಹಾಯ್ಸ್ಟ್ ಪಟ್ಟಿ ಎಲ್ಲಿ ಕೂರಬೇಕು ಅಂತ ಹೊರಮೈಗೆ ಸಣ್ಣ ಗುರುತು ಅಂಟಿಸಿದ್ದೇವೆ, ಪಟ್ಟಿ ಹಿಂದೆ ಸರಿದರೆ ಪ್ರೊಪೆಲ್ಲರ್ ದಂಡ ಬಾಗುತ್ತದೆ. ಹಿಂದಿನ ಯಜಮಾನರು ಹಾಕಿಸಿದ ಒಂದು ವೈರು ಎಲ್ಲಿಗೂ ಹೋಗುವುದಿಲ್ಲ, ಅದನ್ನು ಹುಡುಕಿ ಸಮಯ ಹಾಳು ಮಾಡಬೇಡಿ. ಹೀಗೆ.

ಈ ಸಲ ಮಗಳಿಗೆ ಹೇಳಿದೆ, ನಾನು ಕೆಳಗೆ ನೆಲದ ಮೇಲೆ ನಿಂತಿರುತ್ತೇನೆ, ಬಾಯಿ ಬಿಡುವುದಿಲ್ಲ, ನೀನು ನೋಟ್‌ಬುಕ್ ಹಿಡಿದು ಒಳಗೆ ಹೋಗಿ ಎಲ್ಲ ಸೀಕಾಕ್ ಹ್ಯಾಂಡಲ್ ಮುಟ್ಟಿ ಬಾ ಅಂತ. ಅವಳಿಗೆ ಹದಿನೈದು. ದೋಣಿಯಲ್ಲಿ ಬೆಳೆದವಳೇ, ಆದರೆ ಆ ನಲ್ಲಿಗಳಿಗೆ ಎಂದೂ ಕೈ ಹಾಕಿದವಳಲ್ಲ. ಒಳಗೆ ಹಲಗೆ ಎತ್ತುವ ಸದ್ದು, ಇಡುವ ಸದ್ದು. ಒಂದೊಂದು ಸಿಕ್ಕಾಗಲೂ ಕೂಗಿ ಹೇಳುತ್ತಿದ್ದಳು. ಟಾಯ್ಲೆಟ್‌ನ ಎರಡು ಬೇಗ ಸಿಕ್ಕವು. ಎಂಜಿನ್‌ದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಏಣಿಯ ತುದಿಯಲ್ಲಿ ತಲೆ ಹಾಕಿ ಕೇಳಿದಳು, "ಅಪ್ಪ, ಒಂದು ಹ್ಯಾಂಡಲ್ ಮುರಿದು ಕೈಗೇ ಬಂದರೆ ಏನು ಮಾಡೋದು? ಅದನ್ನು ಬರೆದೇ ಇಲ್ವಲ್ಲ."

ಪ್ರತಿ ಸೀಕಾಕ್‌ಗೂ ಅದರ ಅಳತೆಯ ಒಂದು ಮರದ ಬಿರಡೆಯನ್ನು ದಾರ ಕಟ್ಟಿ ನೇತುಹಾಕಿರುತ್ತೇವೆ. ಅದಕ್ಕೇ ಅದು ಇರುವುದು ಅಂದೆ. ಬಿರಡೆ ಜಡಿದು, ಮೇಲೆ ಬಟ್ಟೆ ಸುತ್ತಿ ಬಿಗಿ ಕಟ್ಟಿ, ಹಾಯ್ಸ್ಟ್‌ನವರನ್ನು ಕೂಗಬೇಕು. ಅವಳು ಬಲಗಡೆ ಪುಟದಲ್ಲಿ ಅದನ್ನು ತನ್ನ ಅಕ್ಷರದಲ್ಲಿ ಸೇರಿಸಿದಳು. ಸುತ್ತಿಗೆ ಯಾವ ಪೆಟ್ಟಿಗೆಯಲ್ಲಿದೆ ಅನ್ನುವುದನ್ನೂ ಬರೆದಳು. ಆಮೇಲೆ ಆ ಪೆಟ್ಟಿಗೆ ತೆಗೆದು, ಸುತ್ತಿಗೆ ನಿಜವಾಗಿ ಅಲ್ಲಿದೆಯಾ ಅಂತ ನೋಡಿ ಬಂದಳು.